ಬ್ರೂಜ್ ನಗರದ ನ್ಯಾಯಸಭೆಯ ಅಗ್ಗಿಷ್ಟಿಕೆ: ಮರದಲ್ಲಿ ಕೆತ್ತಿದ ಒಂದು ರಾಜಪ್ರಶಸ್ತಿ

೧

ಚರಿತ್ರೆಯ ಆಧಾರಗಳೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಮೊದಲು ಬರುವುದು ಶಾಸನ, ನಾಣ್ಯ, ಕಡತ, ಪ್ರವಾಸಿಗರ ಬರಹ ಇವುಗಳೇ. ಕಟ್ಟಡವೊಂದರ ಒಳಗೆ ನಿತ್ಯದ ಉಪಯೋಗಕ್ಕಾಗಿ ಮಾಡಿಸಿದ ವಸ್ತುವೂ ಆಧಾರವಾಗಬಲ್ಲದೆಂಬುದನ್ನು ನಾವು ಸಾಮಾನ್ಯವಾಗಿ ಬಾಯಿಮಾತಿನಲ್ಲಿ ಒಪ್ಪುತ್ತೇವೆ. ಆದರೆ ಅಂಥ ವಸ್ತುವನ್ನು ಶಾಸನದಷ್ಟೇ ಎಚ್ಚರದಿಂದ ಓದುವ ಶ್ರಮವನ್ನು ತೆಗೆದುಕೊಳ್ಳುವುದು ವಿರಳ. ಬೆಲ್ಜಿಯಂ ದೇಶದ ಬ್ರೂಜ್ ನಗರದಲ್ಲಿ, ಒಂದು ಹಳೆಯ ನ್ಯಾಯಸಭೆಯ ಒಳಕೋಣೆಯಲ್ಲಿರುವ ಅಗ್ಗಿಷ್ಟಿಕೆಯನ್ನು ಈ ಲೇಖನದಲ್ಲಿ ನಾವು ಆ ರೀತಿಯಾಗಿ ಓದಲು ಉದ್ದೇಶಿಸಿದ್ದೇವೆ.

ಚಳಿಯ ದೇಶಗಳಲ್ಲಿ ಮನೆಯ ಗೋಡೆಯೊಳಗೇ ಬೆಂಕಿಗೂಡನ್ನು ಕಟ್ಟಿ, ಹೊಗೆ ಮೇಲಕ್ಕೆ ಹೋಗುವಂತೆ ಕೊಳವೆಯನ್ನಿರಿಸುವ ಪದ್ಧತಿಯುಂಟು. ಈ ಗೂಡಿನ ಸುತ್ತಲೂ ಮೇಲ್ಗಡೆಯಲ್ಲಿಯೂ ಕಲ್ಲಿನಿಂದಾಗಲಿ ಮರದಿಂದಾಗಲಿ ಚೌಕಟ್ಟನ್ನು ನಿರ್ಮಿಸುತ್ತಾರೆ. ಕೋಣೆಯಲ್ಲಿರುವವರೆಲ್ಲರೂ ಬಿಸಿಗಾಗಿ ಇದರ ಕಡೆಗೇ ಮುಖಮಾಡಿ ಕುಳಿತುಕೊಳ್ಳುವುದರಿಂದ, ಮನೆಯ ಯಜಮಾನನು ತನ್ನ ಕುಲದ ಲಾಂಛನವನ್ನೂ ತನ್ನ ಒಡೆಯನ ಬಿರುದುಗಳನ್ನೂ ಪ್ರಕಟಪಡಿಸಲು ಇದಕ್ಕಿಂತ ತಕ್ಕ ಸ್ಥಳವು ಬೇರೆ ಇರಲಿಲ್ಲ. ಬ್ರೂಜಿನ ಅಗ್ಗಿಷ್ಟಿಕೆಯು ಇಂಥ ಚೌಕಟ್ಟುಗಳಲ್ಲಿ ಅತ್ಯಂತ ಪ್ರಸಿದ್ಧವಾದವುಗಳಲ್ಲೊಂದು. ೧೫೨೮ರ ಸುಮಾರಿಗೆ ಆರಂಭವಾಗಿ ೧೫೩೧ರ ಹೊತ್ತಿಗೆ ಮುಗಿದ ಈ ಕೃತಿಯು ಐದನೆಯ ಚಾರಲ್ಸ್ ಚಕ್ರವರ್ತಿಯ ಗೌರವಾರ್ಥವಾಗಿ, ಪಾವಿಯಾ ಕದನದ ಮತ್ತು ಕಾಂಬ್ರೇ ಶಾಂತಿಯ ಸ್ಮಾರಕವಾಗಿ ನಿರ್ಮಿತವಾಯಿತೆಂಬುದು ಸರ್ವವಿದಿತ.

ಪ್ರಶಸ್ತಿಯೊಂದನ್ನು ಓದುವವನು ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಅದರಲ್ಲಿ ಹೇಳಿರುವುದೇನು? ಹೇಳದೆ ಬಿಟ್ಟಿರುವುದೇನು? ಅದನ್ನು ಮಾಡಿಸಿದವರು ಯಾರು, ಯಾವ ಪ್ರಯೋಜನಕ್ಕಾಗಿ? ಈ ಮೂರು ಪ್ರಶ್ನೆಗಳನ್ನು ಪ್ರಸ್ತುತ ಅಗ್ಗಿಷ್ಟಿಕೆಗೆ ಹಾಕಿದಲ್ಲಿ, ಮೇಲುನೋಟಕ್ಕೆ ರಾಜಸ್ತುತಿಯಾಗಿ ಕಾಣುವ ಈ ಕೃತಿಯು ವಾಸ್ತವವಾಗಿ ನ್ಯಾಯಾಧಿಕಾರವನ್ನು ಕುರಿತ ಒಂದು ದಾಖಲೆಯೆಂಬುದು ಗೊತ್ತಾಗುತ್ತದೆ. ಇದನ್ನು ತೋರಿಸುವುದೇ ನಮ್ಮ ಉದ್ದೇಶ.

೨

ಮೊದಲು ವಸ್ತುವಿನ ವರ್ಣನೆ. ಅಗ್ಗಿಷ್ಟಿಕೆಯು ಕೋಣೆಯ ಒಂದು ಗೋಡೆಯನ್ನು ಬಹುಮಟ್ಟಿಗೆ ಪೂರ್ತಿಯಾಗಿಯೇ ಆವರಿಸಿದೆ. ಬೆಂಕಿಗೆ ಸಮೀಪವಾದ ಕೆಳಭಾಗವು ಕರಿಯ ಅಮೃತಶಿಲೆಯದು. ಅದರ ಮೇಲೆ ಅಲಬಾಸ್ಟರ್ ಎಂಬ ಮೃದುವಾದ ಬಿಳಿಯ ಶಿಲೆಯಲ್ಲಿ ಬಿಡಿಸಿದ ಉಬ್ಬುಚಿತ್ರಗಳ ಪಟ್ಟಿಕೆಯಿದೆ. ಅದಕ್ಕೂ ಮೇಲೆ, ಛಾವಣಿಯ ಕಡೆಗೆ ಏರಿ ಎರಡು ಪಕ್ಕಗಳಿಗೂ ಹರಡಿಕೊಂಡಿರುವುದು ಓಕ್ ಮರದ ಮಹಾಕೆತ್ತನೆ.

ಮರದ ಭಾಗದ ನಡುವೆ, ಬಹುಮಟ್ಟಿಗೆ ಆಳೆತ್ತರದ ಪ್ರಮಾಣದಲ್ಲಿ, ಚಾರಲ್ಸನು ಕವಚಧಾರಿಯಾಗಿ ನಿಂತಿದ್ದಾನೆ. ಒಂದು ಕೈಯಲ್ಲಿ ಎತ್ತಿಹಿಡಿದ ಖಡ್ಗ. ಇನ್ನೊಂದರಲ್ಲಿ ಚಕ್ರವರ್ತಿತ್ವದ ಕುರುಹಾದ ಭೂಗೋಲ. ಅವನ ಒಂದು ಪಕ್ಕದಲ್ಲಿ ತಂದೆಯ ತಂದೆತಾಯಿಗಳಾದ ಮ್ಯಾಕ್ಸಿಮಿಲಿಯನ್ ಮತ್ತು ಬರ್ಗಂಡಿಯ ಮೇರಿ. ಮತ್ತೊಂದು ಪಕ್ಕದಲ್ಲಿ ತಾಯಿಯ ತಂದೆತಾಯಿಗಳಾದ ಆರಗಾನಿನ ಫರ್ಡಿನೆಂಡ್ ಮತ್ತು ಕಾಸ್ಟೀಲಿನ ಇಸಬೆಲ್ಲಾ. ಚಾರಲ್ಸನ ತಂದೆ ಫಿಲಿಪ್ ಮತ್ತು ತಾಯಿ ಹ್ವಾನಾ ಇವರು ಅವನ ಬೆನ್ನಹಿಂದಿನ ಸಿಂಹಾಸನದ ಮೇಲೆ ಚಿಕ್ಕ ಪದಕಗಳೊಳಗಿನ ಮುಖಗಳಾಗಿ ಮಾತ್ರ ಕಾಣುತ್ತಾರೆ. ಮಿಕ್ಕ ಸ್ಥಳವನ್ನೆಲ್ಲ ಬರ್ಗಂಡಿ, ಸ್ಪೇನ್ ಮೊದಲಾದ ರಾಜ್ಯಗಳ ಲಾಂಛನಗಳೂ, ಬಳ್ಳಿಗಳೂ, ಮಕ್ಕಳ ರೂಪದ ದೇವದೂತರೂ ತುಂಬಿವೆ.

ಕೃತಿಯ ವಿನ್ಯಾಸವನ್ನು ಮಾಡಿದವನು ಲಾನ್ಸೆಲಾಟ್ ಬ್ಲೊಂಡೇಲ್ (೧೪೯೮–೧೫೬೧). ಪೋಪರಿಂಗೆ ಎಂಬಲ್ಲಿ ಹುಟ್ಟಿ ಬ್ರೂಜಿನಲ್ಲಿ ನೆಲೆಸಿದ ಈತನು ಚಿತ್ರಕಾರ. ಆದರೆ ತನ್ನ ಅಂಕಿತದೊಡನೆ ಗಾರೆಯವರ ಕರಣೆಯನ್ನು ಗುರುತಾಗಿ ಬಳಸುತ್ತಿದ್ದನು. ಸೋಸಾನಳ ಕಥೆಯ ಅಲಬಾಸ್ಟರ್ ಶಿಲ್ಪವು ಗಿಯೋ ದ ಬೋಗ್ರಾಂ ಎಂಬ ಶಿಲ್ಪಿಯದು. ಮರಗೆಲಸದಲ್ಲಿ ಹರ್ಮನ್ ಗ್ಲೋಸೆನ್‌ಕಾಂಪ್ ಮೊದಲಾದ ಸ್ಥಳೀಯ ಕುಶಲಕರ್ಮಿಗಳು ನೆರವಾದರು. ಹೀಗೆ ಚಿತ್ರಕಾರನ ಕಲ್ಪನೆ, ಶಿಲ್ಪಿಯ ಉಳಿ, ಬಡಗಿಗಳ ಕೈ ಇವು ಮೂರೂ ಇಲ್ಲಿ ಕೂಡಿವೆ. ಇಟಲಿಯ ನವೋದಯ ಶೈಲಿಯು ಫ್ಲಾಂಡರ್ಸ್ ಪ್ರಾಂತ್ಯದಲ್ಲಿ ಆಗ ತಾನೇ ಬೇರೂರುತ್ತಿತ್ತು. ಕಲಾಚರಿತ್ರಕಾರರು ಈ ಕೃತಿಗೆ ಸಲ್ಲಿಸುವ ಪ್ರಾಶಸ್ತ್ಯವು ಮುಖ್ಯವಾಗಿ ಆ ಕಾರಣಕ್ಕಾಗಿ. ನಮ್ಮ ಆಸಕ್ತಿಯು ಬೇರೆ ಕಡೆಗಿದೆ.

೩

ಇದನ್ನು ಮಾಡಿಸಿದವರು ಯಾರು? ಚಾರಲ್ಸನಲ್ಲ, ಅವನ ಆಸ್ಥಾನವೂ ಅಲ್ಲ. ಬ್ರೂಜ್ ನಗರಸಭೆಯೂ ಅಲ್ಲ. 'ಬ್ರೂಜಿನ ಫ್ರಾಂಕ್' ಎಂಬ ಸಂಸ್ಥೆಯ ನ್ಯಾಯಸಭಿಕರು ಇದನ್ನು ತಮ್ಮ ಸಭಾಮಂದಿರಕ್ಕಾಗಿ ಮಾಡಿಸಿದರು. ಈ ಹೆಸರು ನಮ್ಮ ಓದುಗರಿಗೆ ಅಪರಿಚಿತವಾದ ಕಾರಣ ಕೆಲವು ಮಾತುಗಳು ಅವಶ್ಯಕ.

ಬ್ರೂಜ್ ನಗರದ ಕೋಟೆಗೋಡೆಯ ಹೊರಗೆ ಸುತ್ತಲೂ ವಿಸ್ತಾರವಾದ ಹಳ್ಳಿಗಾಡಿದ್ದಿತು. ಈ ಪ್ರದೇಶವು ನ್ಯಾಯ ಮತ್ತು ಆಡಳಿತಗಳಲ್ಲಿ ನಗರಕ್ಕೆ ಅಧೀನವಾಗಿರದೆ ತನ್ನದೇ ಆದ ನ್ಯಾಯಸಭೆಯನ್ನು ಹೊಂದಿದ್ದಿತು. ನಗರದ ಹಿಡಿತದಿಂದ ಮುಕ್ತವಾದ ನಾಡು ಎಂಬ ಅರ್ಥದಲ್ಲಿ ಅದಕ್ಕೆ ಫ್ರಾಂಕ್ ಎಂಬ ಹೆಸರು. ಫ್ಲಾಂಡರ್ಸಿನ ಪ್ರಾತಿನಿಧಿಕ ಸಭೆಯಲ್ಲಿ ಘೆಂಟ್, ಬ್ರೂಜ್, ಈಪ್ರ್ ಎಂಬ ಮೂರು ಮಹಾನಗರಗಳೊಡನೆ ಈ ಗ್ರಾಮಾಂತರ ನಾಡು ನಾಲ್ಕನೆಯ 'ಅಂಗ'ವಾಗಿ ಕುಳಿತುಕೊಳ್ಳುತ್ತಿತ್ತು. ನಗರಗಳ ಸೊಕ್ಕನ್ನು ಅಡಗಿಸಲು ಬರ್ಗಂಡಿಯ ಡ್ಯೂಕರಿಗೆ ಇಂಥ ಒಂದು ಪ್ರತಿಬಲವು ಬೇಕಾಗಿದ್ದಿತು. ಫ್ರಾಂಕಿಗೂ ಪಕ್ಕದ ನಗರದ ಹಟವನ್ನು ಎದುರಿಸಲು ಅರಸರ ಆಶ್ರಯವು ಬೇಕಾಗಿದ್ದಿತು. ಅರಸನನ್ನು ಕೊಂಡಾಡುವುದರಲ್ಲಿ ಈ ಸಭಿಕರಿಗೆ ಭಕ್ತಿಯ ಜತೆಗೆ ಸ್ವಹಿತವೂ ಇದ್ದಿತೆಂಬುದನ್ನು ನಾವು ಆರಂಭದಲ್ಲಿಯೇ ಗಮನಿಸಬೇಕು.

ಇವರ ಸಭಾಮಂದಿರವಿದ್ದುದು ನಗರದ ನಡುವಣ ಬುರ್ಗ್ ಎಂಬ ಚೌಕದಲ್ಲಿ, ಫ್ಲಾಂಡರ್ಸಿನ ಕೌಂಟರ ಹಳೆಯ ನಿವಾಸವಿದ್ದ ನೆಲದ ಮೇಲೆ, ನಗರಸಭಾಭವನಕ್ಕೆ ಸಮೀಪದಲ್ಲಿಯೇ. ಹಳ್ಳಿಗಾಡಿನ ನ್ಯಾಯಸಭೆಯು ನಗರದ ಹೃದಯಭಾಗದಲ್ಲಿ ನಗರಸಭೆಯ ಕಣ್ಣೆದುರಿಗೇ ಇಂಥ ಆಡಂಬರದ ಕೃತಿಯನ್ನು ಸ್ಥಾಪಿಸಿತು. ನಗರಕ್ಕಿಂತ ನಾವೇನೂ ಕಡಮೆಯವರಲ್ಲ ಎಂಬ ಘೋಷಣೆಯನ್ನು ಇದರಲ್ಲಿ ಕೇಳಬಹುದು. ನಮ್ಮ ಶಾಸನಗಳನ್ನು ಓದಿದವರಿಗೆ ಈ ಕ್ರಮವು ಹೊಸದಲ್ಲ. ಅವುಗಳ ಮೊದಲಲ್ಲಿ ರಾಜನ ಬಿರುದಾವಳಿಯು ಉದ್ದಕ್ಕೂ ಹರಿದು, ಊರಿನ ಹಕ್ಕುಬಾಧ್ಯತೆಗಳ ವಿಷಯವು ಆಮೇಲೆ ಬರುತ್ತದೆ. ಶಾಸನವನ್ನು ಹಾಕಿಸಿದುದು ಮಾತ್ರ ಆ ಎರಡನೆಯ ವಿಷಯಕ್ಕಾಗಿ.

೪

ಇನ್ನು ಕದನದ ವಿಚಾರ. ಫ್ರಾನ್ಸಿನ ರಾಜನಾದ ಒಂದನೆಯ ಫ್ರಾನ್ಸಿಸನು ೧೫೨೪ರ ಅಕ್ಟೋಬರ್ ಕೊನೆಯಲ್ಲಿ ಉತ್ತರ ಇಟಲಿಯ ಪಾವಿಯಾ ನಗರಕ್ಕೆ ಮುತ್ತಿಗೆ ಹಾಕಿದನು. ನಗರದೊಳಗೆ ಆಂತೋನಿಯೊ ದ ಲೇವಾ ಎಂಬ ಸೇನಾನಿಯು ಚಳಿಗಾಲವಿಡೀ ತಡೆದು ನಿಂತನು. ನೆರವಿಗೆ ಬಂದ ಚಕ್ರವರ್ತಿಯ ಸೈನ್ಯಕ್ಕೆ ನೇಪಲ್ಸಿನ ವೈಸರಾಯ್ ಲಾನ್ವಾ, ಪೆಸ್ಕಾರಾದ ಮಾರ್ಕ್ವಿಸ್, ಫ್ರಾನ್ಸನ್ನು ತೊರೆದು ಬಂದಿದ್ದ ಬೂರ್ಬನ್ನಿನ ಡ್ಯೂಕ್ ಇವರು ನಾಯಕರಾಗಿದ್ದರು. ಆ ಸೈನ್ಯಕ್ಕೆ ಸಂಬಳವು ಬಾಕಿ ಬಿದ್ದಿದ್ದಿತು. ತಡಮಾಡಿದಲ್ಲಿ ದಂಡು ಚದರಿಹೋಗುವ ಭಯವಿದ್ದಿತು. ೧೫೨೫ರ ಫೆಬ್ರವರಿ ೨೪ರಂದು, ನಸುಕಿಗೆ ಮುಂಚೆ ಮಿರಾಬೆಲ್ಲೊ ಬೇಟೆವನದ ಗೋಡೆಯನ್ನು ಒಡೆದು ಒಳನುಗ್ಗಿ ಅವರು ಯುದ್ಧಕ್ಕೆ ತೊಡಗಿದರು. ಫ್ರಾನ್ಸಿಸನು ಅಶ್ವದಳದೊಡನೆ ಮುನ್ನುಗ್ಗಿ ತನ್ನ ಫಿರಂಗಿಗಳಿಗೇ ಅಡ್ಡಬಂದನು. ಸ್ಪ್ಯಾನಿಷ್ ಬಂದೂಕುಗಾರರ ಗುಂಡುಗಳಿಗೆ ಫ್ರೆಂಚ್ ಸರದಾರರು ಸಾಲುಸಾಲಾಗಿ ಉರುಳಿದರು. ಲಾ ಪಾಲಿಸ್, ಬೊನಿವೆ, ಲಾ ತ್ರೆಮುಯ್ ಮೊದಲಾದವರು ಮಡಿದರು. ರಾಜನು ಸ್ವತಃ ಸೆರೆಸಿಕ್ಕಿದನು.

ಮರದ ಚಾರಲ್ಸನ ಕೈಯಲ್ಲಿರುವ ಖಡ್ಗವು ಈ ವಿಜಯದ ಖಡ್ಗವೆಂದು ನೋಡುವವನಿಗೆ ತೋರುವುದು ಸಹಜ. ಆದರೆ ಚಾರಲ್ಸನು ಪಾವಿಯಾದಲ್ಲಿ ಇರಲೇ ಇಲ್ಲ. ಅದು ಅವನ ಇಪ್ಪತ್ತೈದನೆಯ ಹುಟ್ಟುಹಬ್ಬ. ಅಂದು ಅವನು ಸ್ಪೇನಿನಲ್ಲಿದ್ದನು. ಗೆಲುವಿನ ವಾರ್ತೆಯು ಅವನನ್ನು ಮುಟ್ಟಿದುದು ಮಾರ್ಚ್ ತಿಂಗಳಲ್ಲಿ, ಮ್ಯಾಡ್ರಿಡ್ ನಗರದಲ್ಲಿ.

ಇದಕ್ಕಿಂತಲೂ ಗಮನಾರ್ಹವಾದ ಸಂಗತಿಯೊಂದಿದೆ. ಕದನದ ಸ್ಮಾರಕವೆನಿಸಿಕೊಂಡ ಈ ಕೃತಿಯಲ್ಲಿ ಕದನದ ದೃಶ್ಯವೇ ಇಲ್ಲ. ಮುತ್ತಿಗೆಯಿಲ್ಲ, ಸೆರೆಯಾಗುತ್ತಿರುವ ರಾಜನ ಚಿತ್ರವಿಲ್ಲ, ಬಂದೂಕುಗಾರರಿಲ್ಲ. ಆ ಕಾಲದ ಕಲೆಗಾರರಿಗೆ ಅದನ್ನು ಚಿತ್ರಿಸುವ ಶಕ್ತಿಯಿರಲಿಲ್ಲವೆಂದು ಹೇಳುವಂತಿಲ್ಲ. ಸರಿಯಾಗಿ ಅದೇ ವರ್ಷಗಳಲ್ಲಿ ಬರ್ನಾರ್ಡ್ ವಾನ್ ಓರ್ಲೆಯ ವಿನ್ಯಾಸದಂತೆ ಬ್ರಸೆಲ್ಸಿನ ನೇಕಾರರು ಪಾವಿಯಾ ಕದನವನ್ನು ಏಳು ಬೃಹತ್ ಚಿತ್ರವಸ್ತ್ರಗಳಲ್ಲಿ ನೆಯ್ದರು. ೧೫೩೧ರಲ್ಲಿ ನೆದರ್ಲೆಂಡ್ಸ್ ಪ್ರಾಂತ್ಯಗಳ ಮಹಾಸಭೆಯು ಅವನ್ನು ಚಾರಲ್ಸನಿಗೆ ಕಾಣಿಕೆಯಾಗಿ ಅರ್ಪಿಸಿತು. ಇಂದು ನೇಪಲ್ಸಿನ ಕಾಪೊದಿಮಾಂತೆ ವಸ್ತುಸಂಗ್ರಹಾಲಯದಲ್ಲಿರುವ ಆ ವಸ್ತ್ರಗಳಲ್ಲಿ ಕುದುರೆ, ಭರ್ಜಿ, ಹೊಗೆ, ಓಡುವ ಸೈನಿಕರು ಎಲ್ಲವೂ ಇವೆ. ಅರಸನಿಗೆ ಕೊಟ್ಟ ಕಾಣಿಕೆಯಲ್ಲಿ ಯುದ್ಧವಿದೆ. ನ್ಯಾಯಸಭಿಕರು ತಮಗಾಗಿ ಮಾಡಿಸಿಕೊಂಡುದರಲ್ಲಿ ಯುದ್ಧವಿಲ್ಲ. ಈ ಭೇದಕ್ಕೆ ಕಾರಣವಿರಲೇಬೇಕು. ಅದನ್ನು ಹುಡುಕಲು ರಣರಂಗವನ್ನು ಬಿಟ್ಟು ಒಡಂಬಡಿಕೆಗಳ ಕಡೆಗೆ ತಿರುಗಬೇಕಾಗಿದೆ.

೫

ಕ್ರಿ. ಶ. ೮೪೩ರ ವರ್ಡನ್ ಒಡಂಬಡಿಕೆಯ ಕಾಲದಿಂದಲೂ ಫ್ಲಾಂಡರ್ಸಿನ ಬಹುಭಾಗವು ಫ್ರಾನ್ಸಿನ ರಾಜನ ಸಾಮಂತ ನಾಡಾಗಿದ್ದಿತು. ಫ್ಲಾಂಡರ್ಸಿನ ಕೌಂಟನು ಎಷ್ಟೇ ಪ್ರಬಲನಾಗಿರಲಿ, ಆ ನಾಡಿನ ಮಟ್ಟಿಗೆ ಫ್ರೆಂಚ್ ರಾಜನಿಗೆ ವಿಧೇಯತೆಯ ಪ್ರಮಾಣವನ್ನು ಸಲ್ಲಿಸಬೇಕಾಗಿದ್ದಿತು. ಅಗ್ಗಿಷ್ಟಿಕೆಯ ಚಿಕ್ಕ ಪದಕದಲ್ಲಿ ಕಾಣುವ ಫಿಲಿಪನೇ ೧೪೯೯ರಲ್ಲಿ ಅರಾಸ್ ನಗರದಲ್ಲಿ ಫ್ರೆಂಚ್ ರಾಜನ ಪ್ರತಿನಿಧಿಯೆದುರು ಈ ಪ್ರಮಾಣವನ್ನು ಮಾಡಿದ್ದನು. ಇದು ಬರಿಯ ಔಪಚಾರಿಕ ವಿಷಯವಾಗಿರಲಿಲ್ಲ. ಫ್ಲಾಂಡರ್ಸಿನ ನ್ಯಾಯಾಲಯಗಳ ತೀರ್ಪಿನ ಮೇಲೆ ಪ್ಯಾರಿಸಿನ 'ಪಾರ್ಲಮಾಂ' ಎಂಬ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬಹುದಾಗಿದ್ದಿತು. ಬ್ರೂಜಿನ ಸಭಿಕರು ಕೊಟ್ಟ ತೀರ್ಪು ಪ್ಯಾರಿಸಿನಲ್ಲಿ ತಲೆಕೆಳಗಾಗುವ ಸಂಭವವು ಯಾವಾಗಲೂ ಇದ್ದೇ ಇದ್ದಿತು.

ಪಾವಿಯಾದಲ್ಲಿ ಸೆರೆಸಿಕ್ಕ ಫ್ರಾನ್ಸಿಸನು ೧೫೨೬ರ ಜನವರಿಯಲ್ಲಿ ಮ್ಯಾಡ್ರಿಡ್ ಒಡಂಬಡಿಕೆಗೆ ಸಹಿಹಾಕಿದನು. ಇಟಲಿಯ ಮೇಲಿನ ಹಕ್ಕುಗಳನ್ನೂ, ಬರ್ಗಂಡಿ ಪ್ರಾಂತ್ಯವನ್ನೂ, ಫ್ಲಾಂಡರ್ಸ್ ಮತ್ತು ಆರ್ತ್ವಾ ನಾಡುಗಳ ಅಧಿರಾಜತ್ವವನ್ನೂ ಬಿಟ್ಟುಕೊಡುವುದಾಗಿ ಒಪ್ಪಿ, ತನ್ನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಿಟ್ಟು ಬಿಡುಗಡೆ ಹೊಂದಿದನು. ಗಡಿ ದಾಟಿದೊಡನೆ, ಬಲಾತ್ಕಾರದಿಂದ ಪಡೆದ ವಚನಕ್ಕೆ ತಾನು ಬದ್ಧನಲ್ಲವೆಂದು ಒಡಂಬಡಿಕೆಯನ್ನು ತಿರಸ್ಕರಿಸಿದನು. ಯುದ್ಧವು ಮತ್ತೆ ಹೊತ್ತಿಕೊಂಡಿತು. ೧೫೨೭ರ ಮೇ ೬ರಂದು ಸಂಬಳವಿಲ್ಲದೆ ದಂಗೆಯೆದ್ದಿದ್ದ ಚಕ್ರವರ್ತಿಯ ಸೈನ್ಯವೇ ರೋಮ್ ನಗರಕ್ಕೆ ನುಗ್ಗಿ ಅದನ್ನು ಸೂರೆಮಾಡಿತು. ಪಾವಿಯಾದ ಗೆಲುವು ತಾನಾಗಿ ಏನನ್ನೂ ಇತ್ಯರ್ಥಪಡಿಸಲಿಲ್ಲವೆಂಬುದು ಇದರಿಂದ ಸ್ಪಷ್ಟ.

ಇತ್ಯರ್ಥವಾದುದು ೧೫೨೯ರ ಆಗಸ್ಟ್ ತಿಂಗಳಲ್ಲಿ, ಕಾಂಬ್ರೇ ಎಂಬಲ್ಲಿ. ಚಾರಲ್ಸನ ಸೋದರತ್ತೆಯೂ ನೆದರ್ಲೆಂಡ್ಸಿನ ರಾಜಪ್ರತಿನಿಧಿಯೂ ಆಗಿದ್ದ ಮಾರ್ಗರೇಟ್ ಮತ್ತು ಫ್ರಾನ್ಸಿಸನ ತಾಯಿ ಲೂಯಿಸ್ ಇವರಿಬ್ಬರು ಮಾತುಕತೆ ನಡೆಸಿ ಸಾಧಿಸಿದ ಈ ಶಾಂತಿಗೆ 'ಸ್ತ್ರೀಯರ ಶಾಂತಿ' ಎಂಬ ಹೆಸರೂ ಉಂಟು. ಫ್ರಾನ್ಸು ಒತ್ತೆಯಾಳುಗಳ ಬಿಡುಗಡೆಗಾಗಿ ಇಪ್ಪತ್ತು ಲಕ್ಷ ಚಿನ್ನದ ನಾಣ್ಯಗಳನ್ನು ತೆರಲು ಒಪ್ಪಿತು. ಇಟಲಿಯ ಆಶೆಯನ್ನು ಬಿಟ್ಟಿತು. ಫ್ಲಾಂಡರ್ಸ್ ಮತ್ತು ಆರ್ತ್ವಾಗಳ ಅಧಿರಾಜತ್ವವನ್ನು ತ್ಯಜಿಸಿತು. ಚಾರಲ್ಸನು ಬರ್ಗಂಡಿಯ ಬೇಡಿಕೆಯನ್ನು ಮುಂದಕ್ಕೆ ಒತ್ತದಿರಲು ಒಪ್ಪಿದನು. ಸುಮಾರು ಏಳುನೂರು ವರ್ಷಗಳ ಒಂದು ಕಾನೂನುಸಂಬಂಧವು ಇದರಿಂದ ಕೊನೆಗಂಡಿತು.

ಫ್ರಾಂಕಿನ ಸಭಿಕರಿಗೆ ಪಾವಿಯಾದ ಅರ್ಥವೇನೆಂಬುದು ಈಗ ತಿಳಿಯುತ್ತದೆ. ಅವರು ಯೋಧರಲ್ಲ, ನ್ಯಾಯ ಹೇಳುವವರು. ಪ್ಯಾರಿಸಿನ ನ್ಯಾಯಾಲಯವು ಇನ್ನು ಮುಂದೆ ತಮ್ಮ ತೀರ್ಪಿನ ಮೇಲೆ ಕುಳಿತುಕೊಳ್ಳಲಾರದು ಎಂಬುದೇ ಅವರ ಪಾಲಿಗೆ ಆ ಕದನದ ಫಲ. ಫಲವನ್ನು ಸ್ಮರಿಸುವವರಿಗೆ ರಕ್ತಪಾತದ ಚಿತ್ರವು ಬೇಕಾಗಿರಲಿಲ್ಲ. ತಮ್ಮ ಮೇಲಿನ ಅಧಿಕಾರವು ಯಾರಿಂದ ಬಂದಿತು, ಯಾವ ವಂಶದಿಂದ ಇಳಿದು ಬಂದಿತು ಎಂಬುದನ್ನು ತೋರಿಸಿದರೆ ಸಾಕಾಗಿದ್ದಿತು. ಆದುದರಿಂದಲೇ ಅಗ್ಗಿಷ್ಟಿಕೆಯಲ್ಲಿ ಯುದ್ಧದ ಸ್ಥಾನವನ್ನು ವಂಶಾವಳಿಯು ಆಕ್ರಮಿಸಿದೆ.

೬

ಈ ವಂಶಾವಳಿಯನ್ನು ಇನ್ನಷ್ಟು ಸಮೀಪದಿಂದ ಪರೀಕ್ಷಿಸೋಣ. ಪೂರ್ಣಾಕಾರದಲ್ಲಿ ನಿಂತಿರುವ ನಾಲ್ವರು ಹಿರಿಯರೂ ಆಗ ಗತಿಸಿದ್ದವರು. ಮೇರಿಯು ೧೪೮೨ರಲ್ಲಿ, ಇಸಬೆಲ್ಲಾ ೧೫೦೪ರಲ್ಲಿ, ಫರ್ಡಿನೆಂಡ್ ೧೫೧೬ರಲ್ಲಿ, ಮ್ಯಾಕ್ಸಿಮಿಲಿಯನ್ ೧೫೧೯ರಲ್ಲಿ ತೀರಿಕೊಂಡರು. ಇವರೆಲ್ಲರ ಉತ್ತರಾಧಿಕಾರವು ಚಾರಲ್ಸನೊಬ್ಬನಲ್ಲಿಯೇ ಬಂದು ಕೂಡಿತೆಂಬುದನ್ನು ಶಿಲ್ಪದ ಸಮತೋಲವೇ ಹೇಳುತ್ತದೆ: ಒಂದು ಕಡೆ ಆಸ್ಟ್ರಿಯ ಮತ್ತು ಬರ್ಗಂಡಿ, ಇನ್ನೊಂದು ಕಡೆ ಆರಗಾನ್ ಮತ್ತು ಕಾಸ್ಟೀಲ್, ನಡುವೆ ಚಕ್ರವರ್ತಿ.

ಆದರೆ ಮರದ ಈ ಸಮಾಧಾನದ ಹಿಂದೆ ಬ್ರೂಜಿನ ನೆನಪು ಅಷ್ಟೊಂದು ಸಮಾಧಾನದ್ದಾಗಿರಲಿಲ್ಲ. ಮೇರಿಯು ಬೇಟೆಯ ವೇಳೆ ಕುದುರೆಯಿಂದ ಬಿದ್ದು ಇಪ್ಪತ್ತೈದನೆಯ ವಯಸ್ಸಿನಲ್ಲಿ ಮರಣಹೊಂದಿದಳು. ಬ್ರೂಜಿನ ಮಾತೆ ಮರಿಯಳ ದೇವಾಲಯದಲ್ಲಿ ಅವಳ ಸಮಾಧಿಯಿದೆ. ಅವಳ ಬಳಿಕ ಎಳೆಯ ಮಗನ ಪರವಾಗಿ ಆಳಲು ಬಂದ ಮ್ಯಾಕ್ಸಿಮಿಲಿಯನ್ನನನ್ನು ನಾಗರಿಕರು ಪರಕೀಯನೆಂದೇ ಬಗೆದರು. ೧೪೮೮ರ ಫೆಬ್ರವರಿಯಿಂದ ಮೇ ತಿಂಗಳವರೆಗೆ ಅವನನ್ನು ಬ್ರೂಜ್ ನಗರದಲ್ಲಿಯೇ ಸೆರೆಯಲ್ಲಿಟ್ಟರು. ಅವನ ಆಪ್ತಾಧಿಕಾರಿಯಾದ ಪೀಟರ್ ಲಾಂಖಾಲ್ಸನ ಶಿರಚ್ಛೇದ ಮಾಡಿದರು. ಆ ಬಂಡಾಯವು ನಡೆದು ಕೇವಲ ನಾಲ್ವತ್ತು ವರ್ಷಗಳಾಗಿದ್ದುವು. ಸೆರೆಯಲ್ಲಿದ್ದ ಅದೇ ಅರಸನು ಅದೇ ನಗರದಲ್ಲಿ ಈಗ ಪೂಜ್ಯಪೂರ್ವಿಕನಾಗಿ ನಿಂತಿದ್ದಾನೆ. ನಗರದ ಬಂಡಾಯವನ್ನು ಮರೆಯಿಸುವುದರಲ್ಲಿ, ಅಥವಾ ಆ ಬಂಡಾಯದ ಪಾಲುದಾರರು ತಾವಲ್ಲವೆಂದು ತೋರಿಸುವುದರಲ್ಲಿ, ಗ್ರಾಮಾಂತರದ ಸಭಿಕರಿಗೆ ಲಾಭವಿದ್ದಿತು.

ಇನ್ನೊಂದು ಪಕ್ಕದ ಫರ್ಡಿನೆಂಡ್ ಮತ್ತು ಇಸಬೆಲ್ಲಾ ಫ್ಲಾಂಡರ್ಸನ್ನು ಎಂದೂ ಆಳಿದವರಲ್ಲ. ಕಾಸ್ಟೀಲಿನ ಉಣ್ಣೆಯ ವರ್ತಕರು ಬ್ರೂಜಿನಲ್ಲಿ ಬಹುಕಾಲದಿಂದ ನೆಲೆಸಿದ್ದರೆಂಬುದು ನಿಜ. ಆದರೆ ಈ ಪ್ರತಿಮೆಗಳಿರುವುದು ವ್ಯಾಪಾರದ ಕಾರಣಕ್ಕಲ್ಲ. ಫ್ಲಾಂಡರ್ಸಿನ ಕೌಂಟನು ಈಗ ಫ್ರಾನ್ಸಿಗಿಂತಲೂ ಹಿರಿದಾದ ಒಂದು ಸಾಮ್ರಾಜ್ಯದ ಒಡೆಯನೆಂಬ ಭರವಸೆಯನ್ನು ಅವು ಕೊಡುತ್ತವೆ.

ಎಲ್ಲಕ್ಕಿಂತ ಮರ್ಮಭೇದಕವಾದುದು ಚಿಕ್ಕ ಪದಕದಲ್ಲಿರುವ ಹ್ವಾನಾಳ ಮುಖ. ತಂದೆ ಫಿಲಿಪನು ೧೫೦೬ರಲ್ಲಿಯೇ ಗತಿಸಿದ್ದನು. ತಾಯಿಯಾದರೋ ಜೀವಿಸಿಯೇ ಇದ್ದಳು. ಕಾಸ್ಟೀಲಿನ ರಾಣಿಯೆಂಬ ಪಟ್ಟವೂ ನ್ಯಾಯತಃ ಅವಳದೇ. ಚಾರಲ್ಸನು ಅವಳೊಡನೆ ಕೂಡಿ ಆಳುವವನೆಂದೇ ಕಾಗದಪತ್ರಗಳಲ್ಲಿ ನಮೂದಾಗುತ್ತಿದ್ದನು. ಬುದ್ಧಿಭ್ರಮಣೆಯ ಕಾರಣವನ್ನು ಹೇಳಿ ಅವಳನ್ನು ೧೫೦೯ರಿಂದ ತೊರ್ದೆಸಿಯಾಸ್ ಎಂಬಲ್ಲಿ ನಿರ್ಬಂಧದಲ್ಲಿರಿಸಿದ್ದರು. ೧೫೨೦ರಲ್ಲಿ ಕಾಸ್ಟೀಲಿನ ನಗರಗಳು ದಂಗೆಯೆದ್ದಾಗ ಬಂಡಾಯಗಾರರು ಅವಳ ಸಹಿಯನ್ನು ಬೇಡಿದರು. ಅವಳು ಮಗನಿಗೆ ವಿರುದ್ಧವಾಗಿ ಸಹಿಹಾಕಲಿಲ್ಲ. ಆದರೂ ಬಿಡುಗಡೆ ದೊರೆಯದೆ ೧೫೫೫ರಲ್ಲಿ ಅಲ್ಲಿಯೇ ಕಣ್ಮುಚ್ಚಿದಳು. ಅಗ್ಗಿಷ್ಟಿಕೆಯನ್ನು ಕೆತ್ತುತ್ತಿದ್ದಾಗ ಅವಳ ಸೆರೆವಾಸಕ್ಕೆ ಸುಮಾರು ಇಪ್ಪತ್ತು ವರ್ಷಗಳಾಗಿದ್ದುವು. ಅಧಿಕಾರವು ಅಜ್ಜ ಅಜ್ಜಿಯರಿಂದ ನೇರವಾಗಿ ಮೊಮ್ಮಗನಿಗೆ ಇಳಿದು ಬಂದಂತೆ ಕಾಣಬೇಕಾದರೆ, ನಡುವಿನ ತಲೆಮಾರು ಚಿಕ್ಕದಾಗಲೇಬೇಕು. ಬಡಗಿಯ ಉಳಿಯು ಇಲ್ಲಿ ರಾಜಕೀಯದ ಅವಶ್ಯಕತೆಯನ್ನು ಅನುಸರಿಸಿದೆ.

ಲಾಂಛನಗಳ ವಿಷಯದಲ್ಲಿಯೂ ಇಂಥದೇ ಒಂದು ಸೂಕ್ಷ್ಮವಿದೆ. ಕಾಂಬ್ರೇಯಲ್ಲಿ ಚಾರಲ್ಸನು ಬರ್ಗಂಡಿಯನ್ನು ವಸ್ತುತಃ ಕೈಬಿಟ್ಟನು. ಆದರೆ ಅಗ್ಗಿಷ್ಟಿಕೆಯಲ್ಲಿ ಬರ್ಗಂಡಿಯ ಲಾಂಛನವೂ ಅಲ್ಲಿನ ರಾಜಪುತ್ರಿಯೂ ಕುಂದಿಲ್ಲದೆ ಮೆರೆಯುತ್ತಾರೆ. ಒಡಂಬಡಿಕೆಯು ಬಿಟ್ಟುಕೊಟ್ಟುದನ್ನು ಕೆತ್ತನೆಯು ಬಿಟ್ಟುಕೊಡಲಿಲ್ಲ.

೭

ಪ್ರೇಕ್ಷಕನ ಕಣ್ಣು ಮೇಲಿನ ಪ್ರತಿಮೆಗಳಲ್ಲಿಯೇ ನಿಲ್ಲುವುದರಿಂದ ಕೆಳಗಿನ ಅಲಬಾಸ್ಟರ್ ಪಟ್ಟಿಕೆಯು ಸಾಮಾನ್ಯವಾಗಿ ಅಲಕ್ಷ್ಯಕ್ಕೆ ಗುರಿಯಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇಡೀ ಕೃತಿಯ ಬೀಗದಕೈ ಇರುವುದು ಅಲ್ಲಿ. ಅದರ ವಸ್ತು, ಬೈಬಲಿನ ದಾನಿಯೇಲನ ಗ್ರಂಥದೊಡನೆ ಸೇರಿಕೊಂಡಿರುವ ಸೋಸಾನಳ ಕಥೆ. ಸಾಧ್ವಿಯಾದ ಗೃಹಿಣಿಯೊಬ್ಬಳನ್ನು ಇಬ್ಬರು ಹಿರಿಯರು ಉಪವನದಲ್ಲಿ ಕಂಡು ಮೋಹಿಸುತ್ತಾರೆ. ಅವಳು ಒಪ್ಪದಿರಲು ಅವಳ ಮೇಲೆ ವ್ಯಭಿಚಾರದ ಸುಳ್ಳು ಆರೋಪವನ್ನು ಹೊರಿಸಿ ಮರಣದಂಡನೆಗೆ ಗುರಿಪಡಿಸುತ್ತಾರೆ. ತರುಣನಾದ ದಾನಿಯೇಲನು ಇಬ್ಬರನ್ನೂ ಪ್ರತ್ಯೇಕಿಸಿ, ಅಪರಾಧವು ಯಾವ ಮರದ ಕೆಳಗೆ ನಡೆಯಿತೆಂದು ಕೇಳುತ್ತಾನೆ. ಒಬ್ಬನು ಒಂದು ಮರವನ್ನು, ಇನ್ನೊಬ್ಬನು ಬೇರೊಂದು ಮರವನ್ನು ಹೆಸರಿಸುತ್ತಾನೆ. ಸುಳ್ಳು ಬಯಲಾಗಿ ಹಿರಿಯರಿಗೇ ಮರಣದಂಡನೆಯಾಗುತ್ತದೆ.

ಆ ಇಬ್ಬರು ಹಿರಿಯರು ಸಾಮಾನ್ಯರಲ್ಲ. ಅದೇ ವರ್ಷ ಜನರಿಗೆ ನ್ಯಾಯ ಹೇಳಲು ನೇಮಕವಾಗಿದ್ದ ನ್ಯಾಯಾಧಿಪತಿಗಳು. ನ್ಯಾಯಸಭಿಕರು ತಮ್ಮ ಕೋಣೆಯಲ್ಲಿ, ತಮ್ಮ ಕಣ್ಣಿಗೆ ನೇರವಾಗಿ, ದುಷ್ಟ ನ್ಯಾಯಾಧಿಪತಿಗಳ ಕಥೆಯನ್ನು ಕೆತ್ತಿಸಿಕೊಂಡರೆಂಬುದು ಇದರ ತಾತ್ಪರ್ಯ. ಇದು ಆಕಸ್ಮಿಕವಲ್ಲ. ಬ್ರೂಜಿನ ನಗರಸಭಿಕರಿಗಾಗಿ ಜೆರಾರ್ಡ್ ಡೇವಿಡ್ ಎಂಬ ಚಿತ್ರಕಾರನು ೧೪೯೮ರಲ್ಲಿ ಮುಗಿಸಿದ ಚಿತ್ರಯುಗಳದಲ್ಲಿ, ಲಂಚ ತಿಂದ ಸಿಸಾಮ್ನೆಸ್ ಎಂಬ ನ್ಯಾಯಾಧೀಶನ ಚರ್ಮವನ್ನು ಪಾರಸಿಕ ದೊರೆಯ ಆಜ್ಞೆಯಂತೆ ಸುಲಿಯುವ ದೃಶ್ಯವಿದೆ. ತೀರ್ಪು ಕೊಡುವವರ ಕಣ್ಣೆದುರಿಗೆ ತೀರ್ಪಿಗೊಳಗಾದ ನ್ಯಾಯಾಧೀಶರನ್ನು ಇರಿಸುವುದು ಆ ನಾಡಿನ ಸಂಪ್ರದಾಯವಾಗಿದ್ದಿತು.

ಈಗ ಕೃತಿಯ ಎರಡು ಅಂತಸ್ತುಗಳನ್ನೂ ಕೂಡಿಸಿ ನೋಡಬಹುದು. ಮೇಲ್ಗಡೆ ನ್ಯಾಯ ಹೇಳುವ ಅಧಿಕಾರದ ಮೂಲ: ಚಕ್ರವರ್ತಿ, ಅವನ ವಂಶ, ಅವನ ಖಡ್ಗ. ಕೆಳಗಡೆ ಆ ಅಧಿಕಾರದ ದುರುಪಯೋಗ ಮತ್ತು ಅದರ ಶಿಕ್ಷೆ. ಪ್ಯಾರಿಸಿನ ಮೇಲ್ವಿಚಾರಣೆಯು ತಪ್ಪಿದ ಘಳಿಗೆಯಲ್ಲಿಯೇ, ತಮ್ಮ ಮೇಲೆ ಮತ್ತೊಂದು ವಿಚಾರಣೆಯುಂಟೆಂಬುದನ್ನು ಸಭಿಕರು ತಮಗೆ ತಾವೇ ನೆನಪುಮಾಡಿಕೊಂಡಂತಾಯಿತು. ಎತ್ತಿದ ಖಡ್ಗವನ್ನು ಪಾವಿಯಾದ ಖಡ್ಗವೆಂದು ಮಾತ್ರವಲ್ಲದೆ ನ್ಯಾಯದಂಡನೆಯ ಖಡ್ಗವೆಂದೂ ಓದುವುದಕ್ಕೆ ಇದರಿಂದ ಅವಕಾಶವುಂಟಾಗುತ್ತದೆ.

೮

ಸಭಿಕರು ನಿರೀಕ್ಷಿಸಿದ ಫಲವು ದೊರೆಯಿತೇ? ಒಂದರ್ಥದಲ್ಲಿ ದೊರೆಯಿತು, ಫ್ರಾನ್ಸಿನ ಅಧಿರಾಜತ್ವವು ಮರಳಿ ಬರಲಿಲ್ಲ. ಆದರೆ ದೂರದ ಒಡೆಯನು ಹೋದ ಮೇಲೆ ಹತ್ತಿರದ ಒಡೆಯನ ಕೈ ಬಲವಾಯಿತು. ಪ್ಯಾರಿಸಿಗೆ ಬದಲಾಗಿ ಮೆಖೆಲೆನ್ ನಗರದ ಮಹಾಮಂಡಲಿಯು ಚಾರಲ್ಸನ ಹೆಸರಿನಲ್ಲಿ ಅಂತಿಮ ತೀರ್ಪು ಕೊಡುವ ಪೀಠವಾಯಿತು. ಫ್ರಾನ್ಸಿನೊಡನೆ ಶಾಂತಿಯೂ ಬಹುಕಾಲ ನಿಲ್ಲಲಿಲ್ಲ; ೧೫೩೬ರಲ್ಲಿ ಯುದ್ಧವು ಪುನಃ ಆರಂಭವಾಯಿತು. ಅದರ ವೆಚ್ಚಕ್ಕಾಗಿ ಹೇರಿದ ತೆರಿಗೆಯನ್ನು ನಿರಾಕರಿಸಿ ೧೫೩೯ರಲ್ಲಿ ಘೆಂಟ್ ನಗರವು ದಂಗೆಯೆದ್ದಿತು. ಅದು ಚಾರಲ್ಸನು ಹುಟ್ಟಿದ ಊರು. ೧೫೪೦ರಲ್ಲಿ ಅವನೇ ಬಂದು ನಗರದ ಹಕ್ಕುಪತ್ರಗಳನ್ನು ರದ್ದುಪಡಿಸಿದನು. ಅಲ್ಲಿನ ಪ್ರಮುಖರು ಕೊರಳಿಗೆ ಹಗ್ಗವನ್ನು ಕಟ್ಟಿಕೊಂಡು ಅವನ ಮುಂದೆ ಮೊಣಕಾಲೂರಿ ಕ್ಷಮೆ ಬೇಡಬೇಕಾಯಿತು. ಫ್ಲಾಂಡರ್ಸಿನ ನಾಲ್ಕು ಅಂಗಗಳಲ್ಲಿ ಮೊದಲನೆಯದಕ್ಕೆ ಆದ ಗತಿಯಿದು. ನಾಲ್ಕನೆಯ ಅಂಗದ ಅಗ್ಗಿಷ್ಟಿಕೆಯಲ್ಲಿ ಎತ್ತಿದ್ದ ಖಡ್ಗವು ಯಾವ ಕಡೆಗೂ ಬೀಳಬಹುದಾಗಿದ್ದಿತು.

ಫ್ರಾಂಕಿನ ನ್ಯಾಯಸಭೆಯು ಮಾತ್ರ ೧೭೯೫ರವರೆಗೆ ಬಾಳಿ, ಫ್ರೆಂಚ್ ಕ್ರಾಂತಿಯ ಆಡಳಿತದ ಕೈಯಲ್ಲಿ ರದ್ದಾಯಿತು. ಅಷ್ಟರಲ್ಲಿ ಹಳೆಯ ಮಂದಿರದ ಬಹುಭಾಗವನ್ನು ೧೭೨೨ರಿಂದ ೧೭೨೭ರವರೆಗೆ ಹೊಸದಾಗಿ ಕಟ್ಟಲಾಗಿದ್ದಿತು; ಕಾಲುವೆಯ ಕಡೆಯ ಹದಿನಾರನೆಯ ಶತಮಾನದ ಮುಖಭಾಗವು ಉಳಿದುಕೊಂಡಿದೆ. ಸಭೆಯು ಹೋದರೂ ಕಟ್ಟಡದಲ್ಲಿ ನ್ಯಾಯಾಲಯವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೂ ನಡೆಯಿತು. ಇಂದು ಸಭಿಕರ ಆ ಕೋಣೆಯು ವಸ್ತುಸಂಗ್ರಹಾಲಯವಾಗಿದೆ. ಅಗ್ಗಿಷ್ಟಿಕೆಯಲ್ಲಿ ನೇತಾಡುವ ಹಿತ್ತಾಳೆಯ ಹಿಡಿಗಳನ್ನು ಅಲ್ಲಿ ಇಂದಿಗೂ ತೋರಿಸುತ್ತಾರೆ. ಮಳೆಯಲ್ಲಿ ಬಂದ ಸಭಿಕರು ತಮ್ಮ ಪಾದರಕ್ಷೆಗಳನ್ನು ಬೆಂಕಿಗೆ ಒಡ್ಡಿ ಒಣಗಿಸುವಾಗ ಆಧಾರಕ್ಕಾಗಿ ಇವನ್ನು ಹಿಡಿದುಕೊಳ್ಳುತ್ತಿದ್ದರೆಂದು ಪ್ರತೀತಿ. ಸಾಮ್ರಾಜ್ಯದ ಪ್ರಶಸ್ತಿಯು ಕೊನೆಗೂ ಒದ್ದೆ ಕಾಲುಗಳನ್ನು ಕಾಯಿಸುವ ಒಲೆಯಾಗಿಯೂ ಇದ್ದಿತೆಂಬುದನ್ನು ಚರಿತ್ರಕಾರನು ಮರೆಯಬಾರದು.

ಆಧಾರಪರೀಕ್ಷೆಯ ದೃಷ್ಟಿಯಿಂದ ಇನ್ನೊಂದು ಮಾತು. ನಾವು ಇಂದು ಕಾಣುವ ಮರದ ಮೇಲ್ಮೈಯೆಲ್ಲವೂ ೧೫೩೧ರದಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗೇರ್ಟ್ಸ್ ಎಂಬ ಶಿಲ್ಪಿಯು ಮರದ ಭಾಗವನ್ನು ಜೀರ್ಣೋದ್ಧಾರಗೊಳಿಸಿದನು. ಬೆಲ್ಜಿಯಂ ಆಗ ೧೮೩೦ರಲ್ಲಿ ಹುಟ್ಟಿದ ಹೊಸ ರಾಷ್ಟ್ರ. ತನ್ನ ಪ್ರಾಚೀನತೆಯ ಕುರುಹುಗಳನ್ನು ಅದು ಆಸಕ್ತಿಯಿಂದ ಕಾಪಾಡುತ್ತಿದ್ದಿತು. ಆ ಶತಮಾನದಲ್ಲಿಯೇ ತೆಗೆದ ಪೂರ್ಣಪ್ರಮಾಣದ ಅಚ್ಚೊಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವನ್ನು ಸೇರಿತು. ಶಾಸನದ ಕಲ್ಲಿನಲ್ಲಿ ಒಂದೆರಡು ಅಕ್ಷರಗಳನ್ನು ಬೇರೆ ಕೈಯು ತಿದ್ದಿರುವುದುಂಟು. ಹಾಗೆಯೇ ಮರದಲ್ಲಿಯೂ ಉಂಟು. ಆದುದರಿಂದ ಕೆತ್ತನೆಯ ಒಂದೊಂದು ಎಲೆ ಬಳ್ಳಿಯ ಮೇಲೆ ವಾದವನ್ನು ಕಟ್ಟುವುದಕ್ಕಿಂತ, ಕೃತಿಯ ಮೂಲಯೋಜನೆಯ ಮೇಲೆ ಕಟ್ಟುವುದೇ ಸುರಕ್ಷಿತ. ಈ ಲೇಖನದಲ್ಲಿ ನಾವು ಹಾಗೆಯೇ ಮಾಡಿದ್ದೇವೆ.

ಒಟ್ಟಿನಲ್ಲಿ ಹೇಳುವುದಾದರೆ, ಬ್ರೂಜಿನ ಅಗ್ಗಿಷ್ಟಿಕೆಯು ರಾಜರನ್ನು ತೋರಿಸುತ್ತದೆ. ಆದರೆ ಮಾತನಾಡುತ್ತಿರುವವರು ರಾಜರಲ್ಲ. ಅದು ಕದನವನ್ನು ಸ್ಮರಿಸುತ್ತದೆ; ಆದರೆ ಕದನವನ್ನು ತೋರಿಸುವುದಿಲ್ಲ. ಸತ್ತವರನ್ನು ಎತ್ತರಕ್ಕೇರಿಸಿ, ಬದುಕಿದ್ದ ತಾಯಿಯನ್ನು ಕಿರಿದಾಗಿಸುತ್ತದೆ. ಈ ಮೂರು ವೈಷಮ್ಯಗಳಿಗೂ ಕಾರಣವು ಒಂದೇ: ನ್ಯಾಯ ಹೇಳುವ ಹಕ್ಕು ತಮಗೆ ಎಲ್ಲಿಂದ ಬಂದಿತೆಂಬುದನ್ನು ಒಂದು ನಾಡಿನ ಸಭಿಕರು ನಿಶ್ಚಯಿಸಿ ಹೇಳಬೇಕಾಗಿದ್ದಿತು. ಅಧಿಕಾರದ ಮೂಲವನ್ನು ಹೊಗಳುವಾಗಲೂ ಅಧಿಕಾರಿಯ ಪತನದ ಕಥೆಯನ್ನು ಅವರು ಬಿಡಲಿಲ್ಲವೆಂಬುದು ಅವರ ಹೆಗ್ಗಳಿಕೆ. ಪ್ರಶಸ್ತಿಗಳನ್ನು ಓದುವ ನಮ್ಮ ವಿದ್ಯಾರ್ಥಿಗಳು, ಎತ್ತರದಲ್ಲಿ ನಿಂತ ಪ್ರತಿಮೆಗಳಿಗೆ ಮಾತ್ರ ದೃಷ್ಟಿಯನ್ನು ಮೀಸಲಿಡದೆ, ಕೆಳಗಿನ ಪಟ್ಟಿಕೆಯವರೆಗೂ ಕಣ್ಣನ್ನು ಇಳಿಸುವುದಾದರೆ ಈ ಪರಿಶೀಲನೆಯು ಸಾರ್ಥಕವಾದಂತೆ.